ಮಾಲೀಕರ ಮಾತು, ಬಾಡಿಗೆಯ ಮನೆ

ಪುಣೆಯಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿ ಊರು ಬಿಡುವ ಮುನ್ನ ಹಡಪಸರವನ್ನು ಹಾದುಹೋಗುತ್ತದೆ. ಅದೇ ದಾರಿ ಮುಂದೆ ಉಮರ್ಗಾ, ಹುಮನಾಬಾದ್ ದಾಟಿ ಹೈದರಾಬಾದನ್ನು ಸೇರುತ್ತದೆ. ಕಲಬುರಗಿ, ಬೀದರ್ ಕಡೆಯಿಂದ ಕೆಲಸಕ್ಕಾಗಿ ರಸ್ತೆ ಹಿಡಿದು ಬರುವವರಿಗೆ ಪುಣೆ ಮೊದಲು ಕಾಣಿಸುವುದು ಇಲ್ಲಿಯೇ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಮಗರಪಟ್ಟಾ. ಈಗ ಅಲ್ಲಿ ಎತ್ತರದ ವಸತಿ ಕಟ್ಟಡಗಳು, ನಡುವೆ ದೊಡ್ಡ ಉದ್ಯಾನ, ಒಂದು ಬದಿಗೆ ಸೈಬರ್‌ಸಿಟಿ ಎಂಬ ಹೆಸರಿನ ಕಚೇರಿಗಳ ಸಾಲು. 1990ರ ದಶಕದವರೆಗೆ ಅದು ಹೊಲ. ಖಡಕವಾಸಲಾ ಜಲಾಶಯದ ಕಾಲುವೆ ನೀರಿನ ಬಲದಲ್ಲಿ ಕಬ್ಬು, ತರಕಾರಿ ಬೆಳೆಯುತ್ತಿದ್ದ ಮಗರ ಮನೆತನದವರ ಜಮೀನು.

ಊರು ಬೆಳೆದು ಹೊಲದ ಅಂಚಿಗೆ ಬಂದಾಗ ಆ ರೈತರ ಮುಂದೆ ಇದ್ದದ್ದು ಎಲ್ಲ ನಗರಗಳ ಅಂಚಿನ ರೈತರಿಗೂ ಗೊತ್ತಿರುವ ಎರಡೇ ದಾರಿ. ಒಂದು, ಬಿಲ್ಡರ್‌ಗೆ ತುಂಡು ತುಂಡಾಗಿ ಮಾರುವುದು. ಇನ್ನೊಂದು, ಸರ್ಕಾರ ಸ್ವಾಧೀನ ಮಾಡಿಕೊಳ್ಳುವ ದಿನಕ್ಕೆ ಕಾಯುವುದು. ಮಗರಪಟ್ಟಾದವರು ಮೂರನೆಯದನ್ನು ಹುಡುಕಿದರು. ಸತೀಶ್ ಮಗರ ಅವರ ಮುಂದಾಳತ್ವದಲ್ಲಿ ಸುಮಾರು 120 ಕುಟುಂಬಗಳು 400ಕ್ಕೂ ಹೆಚ್ಚು ಎಕರೆಯನ್ನು ಒಟ್ಟುಗೂಡಿಸಿ, ತಾವೇ ಒಂದು ಕಂಪನಿ ಕಟ್ಟಿ, ಕೊಟ್ಟ ಜಮೀನಿಗೆ ತಕ್ಕಂತೆ ಷೇರು ಪಡೆದವು. ಕಟ್ಟಡದ ಕೆಲಸ 2000ದಲ್ಲಿ ಶುರುವಾಯಿತು. ಕೆಲವು ಕುಟುಂಬಗಳ ಮಕ್ಕಳು ಅಲ್ಲಿಯೇ ಗುತ್ತಿಗೆದಾರರಾದರು. ಕೆಲವರು ಫ್ಲ್ಯಾಟು, ಅಂಗಡಿ ಇಟ್ಟುಕೊಂಡು ಬಾಡಿಗೆಗೆ ಕೊಟ್ಟರು. ನೆಲ ಮಾರಿ ಹೊರಟುಹೋಗಬೇಕಾಗಿದ್ದವರು ಮಾಲೀಕರಾಗಿಯೇ ಉಳಿದರು.

ಈ ಕಥೆಯನ್ನು ಭೂಮಿಯ ಕಥೆಯಾಗಿ, ಉದ್ಯಮದ ಕಥೆಯಾಗಿ ಹಲವರು ಹೇಳಿದ್ದಾರೆ. ಅದಕ್ಕೆ ಮಾತಿನ ಕಥೆಯೂ ಒಂದು ಇದೆ. ಒಂದೇ ಮನೆತನದ ಅಣ್ಣತಮ್ಮಂದಿರು, ದಾಯಾದಿಗಳು, ಅಕ್ಕಪಕ್ಕದ ಹೊಲದವರು ತಮ್ಮ ನಡುವಿನ ನಂಬಿಕೆಯನ್ನು ಬಾಯಿಮಾತಿಗೆ ಬಿಡದೆ ಷೇರು ಪತ್ರವಾಗಿ ಬರೆದುಕೊಂಡರು. ರಕ್ತಸಂಬಂಧ ಇರುವಲ್ಲಿಯೇ ಬರಹ ಬೇಕಾಯಿತು ಎಂದಮೇಲೆ, ಎಲ್ಲಿಂದಲೋ ಬಂದು ಅದೇ ನೆಲದ ಮೇಲಿನ ಏಳನೇ ಮಹಡಿಯಲ್ಲಿ ಬಾಡಿಗೆಗೆ ಇರುವ ಅಪರಿಚಿತರ ಜೊತೆ ಮಾಲೀಕ ಹೇಗೆ ಮಾತನಾಡಬೇಕು? ಏನನ್ನು ಬರೆಯಬೇಕು, ಯಾವಾಗ ಹೇಳಬೇಕು, ಯಾವಾಗ ಬಾಗಿಲು ತಟ್ಟಬೇಕು? ಪುಣೆ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಸುಮಾರು ನೂರು ವರ್ಷ ತೆಗೆದುಕೊಂಡಿದೆ. ಬಹುಪಾಲು ಉತ್ತರಗಳು ಮಾತು ಕೆಟ್ಟ ಮೇಲೆ, ಕೋರ್ಟಿನ ಮೆಟ್ಟಿಲ ಮೇಲೆ ಸಿಕ್ಕವು.

ಉತಾರದ ಒಂದು ಸಾಲು

ಮಹಾರಾಷ್ಟ್ರದ ರೈತನಿಗೆ ಜಮೀನಿನ ದಾಖಲೆ ಎಂದರೆ ‘ಸಾತ್‌ಬಾರಾ ಉತಾರಾ’. ಹಳೇ ಮೈಸೂರಿನ ಕಡೆ ಪಹಣಿ ಎನ್ನುವುದನ್ನು ಬೆಳಗಾವಿ, ಧಾರವಾಡದವರು ಇವತ್ತಿಗೂ ಉತಾರ ಎಂದೇ ಕರೆಯುತ್ತಾರೆ; ಮುಂಬೈ ಪ್ರಾಂತ್ಯದ ಕಂದಾಯ ಪದ್ಧತಿ ಬಿಟ್ಟುಹೋದ ಗುರುತು ಅದು. ಆ ಹಾಳೆಯಲ್ಲಿ ಒಡೆಯನ ಹೆಸರಿನ ಜೊತೆಗೆ ‘ಕೂಳ’ನ, ಅಂದರೆ ಗೇಣಿದಾರನ, ಹೆಸರಿಗೂ ಜಾಗವಿದೆ. 1948ರ ಮುಂಬೈ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ ಆ ಜಾಗಕ್ಕೆ ಜೀವ ಕೊಟ್ಟಿತು. 1957ರ ಏಪ್ರಿಲ್ 1ನ್ನು ‘ಉಳುವವರ ದಿನ’ ಎಂದು ಗೊತ್ತುಮಾಡಿ, ಅಂದಿನಿಂದ ಗೇಣಿದಾರನು ತಾನು ಉಳುತ್ತಿದ್ದ ಹೊಲವನ್ನು ಕೊಂಡವನೆಂದೇ ಭಾವಿಸಬೇಕು ಎಂದು ಕಾಯ್ದೆ ಹೇಳಿತು. ಹತ್ತಾರು ವರ್ಷ ಬಾಯಿಮಾತಿನಲ್ಲಿ ನಡೆದುಬಂದ ಗೇಣಿಯ ಹಣೆಬರಹ ದಾಖಲೆಯ ಒಂದು ಸಾಲಿನ ಮೇಲೆ ನಿಂತಿತು.

ಕರ್ನಾಟಕದಲ್ಲಿ ಇಂಥದೇ ಗಳಿಗೆ 1974ರಲ್ಲಿ ಬಂತು. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಾದ ಮೇಲೆ ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹಾಜರಾದರು. ಕರಾವಳಿಯ ಹಳೆಯ ಮನೆಗಳಲ್ಲಿ ‘ಡಿಕ್ಲರೇಶನ್ ಕೊಟ್ಟರು’ ಎಂಬ ಮಾತಿನ ಹಿಂದೆ ಇನ್ನೂ ಒಂದು ಬಿಸಿ ಉಳಿದಿದೆ. ಕೆಲವು ಕಡೆ ಒಡೆಯ, ಒಕ್ಕಲು ಒಟ್ಟಿಗೆ ಕೂತು ಇತ್ಯರ್ಥ ಮಾಡಿಕೊಂಡರು. ಕೆಲವು ಕಡೆ ಎರಡು ತಲೆಮಾರು ಮಾತೇ ನಿಂತುಹೋಯಿತು.

ಹೊಲದ ಒಡೆಯರು ಈ ಅನುಭವದಿಂದ ಕಲಿತ ಪಾಠ ಒಂದೇ ಆಗಿರಲಿಲ್ಲ. ‘ಬರೆದುಕೊಟ್ಟರೆ ಕೈ ಕಚ್ಚುತ್ತದೆ’ ಎಂದು ಹಲವರು ಹೆದರಿದರು. ಈ ಹೆದರಿಕೆಯೇ ಮುಂದೆ ಊರಿನ ಮನೆಗಳಿಗೂ ಬಂದು ಸೇರಿತು. ರಸೀದಿ ಕೊಡಬೇಡ, ಕಾಗದ ಮಾಡಬೇಡ, ಬಾಯಲ್ಲೇ ಮುಗಿಸು ಎಂಬ ಉಪದೇಶ ಮಾಲೀಕರಿಂದ ಮಾಲೀಕರಿಗೆ ಸಾಗಿತು.

ವಾಡೆಯೊಳಗಿನ ಮೌನ

ಮನೆ ಬಾಡಿಗೆಯ ಮೇಲೆ ಸರ್ಕಾರದ ಹಿಡಿತ ಯುದ್ಧದ ಕಾಲದ ಕೂಸು. 1915ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಗಂಡಸರು ಮೊದಲ ಮಹಾಯುದ್ಧದ ಕಣದಲ್ಲೂ ಕಾರ್ಖಾನೆಯಲ್ಲೂ ಇದ್ದಾಗ, ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮುಂತಾದ ಹೆಂಗಸರ ನೇತೃತ್ವದಲ್ಲಿ ಸಾವಿರಾರು ಕುಟುಂಬಗಳು ಏರಿಸಿದ ಬಾಡಿಗೆ ಕೊಡಲು ನಿರಾಕರಿಸಿದವು. ಅದೇ ವರ್ಷ ಬ್ರಿಟನ್ ಬಾಡಿಗೆಗೆ ಮಿತಿ ಹಾಕುವ ಕಾಯ್ದೆ ತಂದಿತು. 1918ರಲ್ಲಿ ಮುಂಬೈಗೂ ಅಂಥದೊಂದು ಯುದ್ಧಕಾಲದ ಬಾಡಿಗೆ ಕಾಯ್ದೆ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಮತ್ತೆ ಅದೇ ಕಥೆ. ಕೊನೆಗೆ 1947ರ ಮುಂಬೈ ಬಾಡಿಗೆ ನಿಯಂತ್ರಣ ಕಾಯ್ದೆ. ಪುಣೆಗೂ, ಆಗ ಅದೇ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ ಕಡೆಗೂ ಕಾನೂನು ಇದೇ. ಮೈಸೂರು ರಾಜ್ಯ 1961ರಲ್ಲಿ ತನ್ನದೇ ಬಾಡಿಗೆ ಕಾಯ್ದೆ ಮಾಡುವವರೆಗೆ ಹುಬ್ಬಳ್ಳಿಯ ಬಾಡಿಗೆದಾರನೂ ಪುಣೆಯ ಬಾಡಿಗೆದಾರನೂ ಕಾನೂನಿನ ಕಣ್ಣಲ್ಲಿ ಬಂಧುಗಳು.

ಈ ಕಾಯ್ದೆಯ ತಿರುಳು ‘ಸ್ಟ್ಯಾಂಡರ್ಡ್ ರೆಂಟ್’. 1940ರ ಸೆಪ್ಟೆಂಬರ್ 1ರಂದು ಬಾಡಿಗೆಗಿದ್ದ ಮನೆಗೆ ಅಂದು ಎಷ್ಟಿತ್ತೋ ಅಷ್ಟೇ. ಕಟ್ಟಳೆ ಮಾಡಿದಾಗ ಅದಕ್ಕೆ ಕಾರಣವಿತ್ತು. ಯುದ್ಧ ಮುಗಿದಿತ್ತು, ದೇಶ ಒಡೆದಿತ್ತು, ನಿರಾಶ್ರಿತರು ಬರುತ್ತಿದ್ದರು, ಮನೆಗಳಿಗೆ ಬರವಿತ್ತು. ಆದರೆ ತಾತ್ಕಾಲಿಕ ಎಂದು ತಂದ ಕಾಯ್ದೆಯ ಅವಧಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಅಕ್ಕಿಯ ಬೆಲೆ, ಸುಣ್ಣಬಣ್ಣದ ಕೂಲಿ, ಹೆಂಚಿನ ದರ ಎಲ್ಲ ಏರಿದವು. ಬಾಡಿಗೆ ಮಾತ್ರ 1940ರಲ್ಲಿಯೇ ಕೂತಿತ್ತು.

ಇದರ ಫಲ ಪುಣೆಯ ಪೇಠೆಗಳ ವಾಡೆಗಳಲ್ಲಿ ಕಣ್ಣಿಗೆ ಕಾಣುವಂತಿತ್ತು. ವಾಡೆ ಎಂದರೆ ನಡುವೆ ಅಂಗಳವಿಟ್ಟು ಸುತ್ತ ಕಟ್ಟಿದ ದೊಡ್ಡ ಮನೆ. ಕೂಡುಕುಟುಂಬ ಒಡೆದ ಮೇಲೆ ಒಂದೊಂದು ಕೋಣೆಗೆ ಒಂದೊಂದು ಬಾಡಿಗೆ ಸಂಸಾರ ಸೇರಿಕೊಂಡಿತು. ಮಾಲೀಕ ಮಹಡಿಯಲ್ಲಿ, ಬಾಡಿಗೆದಾರ ಕೆಳಗೆ, ನಲ್ಲಿ ಒಂದೇ, ಅಂಗಳ ಒಂದೇ. ಹಬ್ಬಕ್ಕೆ ಸಿಹಿ ಹಂಚಿಕೊಂಡು ತಿನ್ನುವ ಆ ಬಾಳಿನಲ್ಲಿ ಹಣದ ಮಾತು ಮಾತ್ರ ನಿಧಾನವಾಗಿ ಹಳಸಿತು. ಬರುವ ಬಾಡಿಗೆ ಹೆಂಚು ಹೊದಿಸುವುದಕ್ಕೂ ಸಾಲದು ಎಂದು ಮಾಲೀಕ ದುರಸ್ತಿ ನಿಲ್ಲಿಸಿದ. ಮನೆ ಬಿಟ್ಟರೆ ಬೇರೆಲ್ಲೂ ಈ ಬಾಡಿಗೆಗೆ ಸಿಗದು ಎಂದು ಬಾಡಿಗೆದಾರ ಸೋರುವ ಸೂರಿನಡಿ ಕೂತ. ಇಬ್ಬರೂ ತಮ್ಮ ಮಟ್ಟಿಗೆ ಸರಿ. ಇಬ್ಬರೂ ಎದುರುಬದುರಾದಾಗ ಮುಖ ತಿರುಗಿಸಿದರು.

ಮಾತು ನಿಂತ ಮೇಲೆ ಕಾಗದದ ಯುದ್ಧ. ಮಾಲೀಕ ಬಾಡಿಗೆ ತೆಗೆದುಕೊಳ್ಳಲು ಒಲ್ಲೆನೆನ್ನುತ್ತಿದ್ದ. ಬಾಕಿ ಬಿದ್ದಿದೆ ಎಂಬ ಕಾರಣಕ್ಕೆ ಮುಂದೆ ದಾವೆ ಹಾಕಬಹುದಲ್ಲ! ಬಾಡಿಗೆದಾರ ತಿಂಗಳು ತಿಂಗಳೂ ಮನಿ ಆರ್ಡರ್ ಮಾಡುತ್ತಿದ್ದ. ಮಾಲೀಕ ಅದನ್ನು ಹಿಂದಿರುಗಿಸುತ್ತಿದ್ದ. ವಾಪಸಾದ ಆ ಮನಿ ಆರ್ಡರ್ ಚೀಟಿಗಳನ್ನು ಬಾಡಿಗೆದಾರ ಟ್ರಂಕಿನಲ್ಲಿ ಜೋಪಾನ ಮಾಡುತ್ತಿದ್ದ. ಒಂದೇ ಸೂರಿನ ಕೆಳಗಿದ್ದವರ ನಡುವೆ ಪೋಸ್ಟ್‌ಮನ್ ಮಧ್ಯಸ್ಥನಾದ. ಹತ್ತು ಮೆಟ್ಟಿಲಿನಷ್ಟು ದೂರಕ್ಕೆ ಕಾಗದ ಅಂಚೆ ಕಚೇರಿ ಸುತ್ತಿ ಬರಬೇಕಾಯಿತು.

ರಸೀದಿಗೆ ಕಾಯ್ದೆಯಲ್ಲಿ ಅಷ್ಟು ಬೆಲೆ ಬಂದದ್ದು ಈ ಹಿನ್ನೆಲೆಯಲ್ಲಿ. 1947ರ ಕಾಯ್ದೆಯ 26ನೇ ಸೆಕ್ಷನ್, ಆಮೇಲೆ ಬಂದ 1999ರ ಕಾಯ್ದೆಯ 31ನೇ ಸೆಕ್ಷನ್ ಇದೇ ವಿಷಯದ್ದು: ಹಣ ಕೈಗೆ ಬಂದ ಹೊತ್ತಿಗೇ ಮಾಲೀಕ ಬರಹದಲ್ಲಿ ರಸೀದಿ ಕೊಡಬೇಕು. ಸಣ್ಣ ಚೀಟಿ. ಆದರೆ ಅದು ‘ನೀನು ಕೊಟ್ಟದ್ದು ನನಗೆ ಮುಟ್ಟಿತು’ ಎಂಬ, ಮಾಲೀಕ ಆಡಬೇಕಾದ ಮೊದಲ ಮಾತು.

ಬಾಡಿಗೆದಾರನಲ್ಲದ ಬಾಡಿಗೆದಾರ

ಬಾಡಿಗೆದಾರನನ್ನು ಒಮ್ಮೆ ಒಳಗೆ ಬಿಟ್ಟರೆ ಹೊರಗೆ ಕಳಿಸಲಾಗದು ಎಂದಾದಾಗ ಮಾಲೀಕರು ಇನ್ನೊಂದು ದಾರಿ ಹಿಡಿದರು. ಬಾಡಿಗೆ ಎಂಬ ಪದವನ್ನೇ ಬಿಟ್ಟರು. ಅದರ ಬದಲಿಗೆ ಬಂದದ್ದು ‘ಲೀವ್ ಅಂಡ್ ಲೈಸೆನ್ಸ್’. ಇದರ ಬೇರು ಇರುವುದು 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ: ಮತ್ತೊಬ್ಬರ ಸ್ವತ್ತಿನಲ್ಲಿ ಏನಾದರೂ ಮಾಡಿಕೊಳ್ಳಲು ಸಿಕ್ಕ ಅನುಮತಿ ಮಾತ್ರ ಲೈಸೆನ್ಸ್, ಅದರಿಂದ ಆ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟದು. ಇರುವವನು ಅದೇ ಮನುಷ್ಯ, ಕೊಡುವುದೂ ಅದೇ ಹಣ. ಕಾಗದದ ಮೇಲೆ ಮಾತ್ರ ಅವನು ಬಾಡಿಗೆದಾರನಲ್ಲ, ‘ಅನುಮತಿ ಪಡೆದವನು’.

ಶಾಸನಸಭೆಗೆ ಈ ಜಾಣತನ ಅರ್ಥವಾಗದೆ ಇರಲಿಲ್ಲ. 1973ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರನ್ನು ಬಾಡಿಗೆದಾರರೆಂದೇ ತಿಳಿಯಬೇಕು ಎಂದಿತು. ಒಂದು ರಾತ್ರಿ ಕಳೆಯುವಷ್ಟರಲ್ಲಿ ‘ಅನುಮತಿ ಪಡೆದವರು’ ರಕ್ಷಣೆ ಇರುವ ಬಾಡಿಗೆದಾರರಾದರು. ಮಾಲೀಕರ ಹಳೆಯ ಹೆದರಿಕೆ ಇಮ್ಮಡಿಯಾಯಿತು. ಬೀಗ ಹಾಕಿದ ಖಾಲಿ ಮನೆ ಬಾಡಿಗೆ ಬರುವ ಮನೆಗಿಂತ ಮೇಲು ಎನ್ನುವಷ್ಟು ಅಪನಂಬಿಕೆ ಬೆಳೆಯಿತು.

ಈ ಗಂಟನ್ನು ಸಡಿಲಿಸಿದ ತೀರ್ಪಿನ ಹೆಸರು ಕನ್ನಡದ ಕಿವಿಗೆ ಹತ್ತಿರದ್ದು: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಾಡಿಗೆಯನ್ನು 1940ರಲ್ಲಿಯೇ ಹೆಪ್ಪುಗಟ್ಟಿಸಿಟ್ಟ ಕಟ್ಟಳೆಗಳು ಕಾಲ ಸರಿದಂತೆ ನ್ಯಾಯಸಮ್ಮತವಾಗಿ ಉಳಿದಿಲ್ಲ ಎಂದಿತು. ಹಳೆಯ ಕಾಯ್ದೆಯ ಅವಧಿ ಮುಗಿಯುವುದರಲ್ಲಿದ್ದುದರಿಂದ ಅದನ್ನು ರದ್ದು ಮಾಡದೆ, ಹೊಸ ಕಾಯ್ದೆಗೆ ದಾರಿ ಬಿಟ್ಟಿತು. ಹಾಗೆ ಬಂದದ್ದೇ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದು ಜಾರಿಯಾದದ್ದು 2000ದ ಮಾರ್ಚ್ 31ಕ್ಕೆ. ಮಗರಪಟ್ಟಾದ ಕಟ್ಟಡಗಳು ಏಳತೊಡಗಿದ್ದೂ ಅದೇ ವರ್ಷ. ಊರಿಗೂ ಕಾಯ್ದೆಗೂ ಒಂದೇ ವಯಸ್ಸು; ಹಳೆಯ ವಾಡೆಯ ಜಗಳ ಕಾಣದ ಮನೆಗಳಿಗೆ ಹೊಸ ಕಾನೂನೇ ತಳಪಾಯ.

ಹೊಸ ಕಾಯ್ದೆ ಮಗರಪಟ್ಟಾದಂಥ ಕಡೆ ಎರಡು ಬಗೆಯ ಜನರನ್ನು ಕಾಣುತ್ತದೆ. ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಷೇರು ಬಂಡವಾಳ ಇರುವ ಕಂಪನಿಗಳು, ಬ್ಯಾಂಕುಗಳು, ಬಹುರಾಷ್ಟ್ರೀಯ ಸಂಸ್ಥೆಗಳು ಬಾಡಿಗೆಗೆ ಹಿಡಿದ ಜಾಗಕ್ಕೆ ಈ ಕಾಯ್ದೆ ಅನ್ವಯಿಸದು. ಸೈಬರ್‌ಸಿಟಿಯಂಥ ಕಡೆ ಮಹಡಿಗಟ್ಟಲೆ ಜಾಗ ಹಿಡಿಯುವ ದೊಡ್ಡ ಕಂಪನಿಗೆ ರಕ್ಷಣೆ ಎಂದರೆ ತನ್ನ ವಕೀಲರು ಬರೆದ ಕರಾರೇ. ಸಂಜೆ ಅದೇ ಕಂಪನಿಯಿಂದ ಹೊರಬಿದ್ದು ಪಕ್ಕದ ಕಟ್ಟಡದ ಎರಡು ಕೋಣೆಯ ಫ್ಲ್ಯಾಟಿಗೆ ನಡೆದುಹೋಗುವ ನೌಕರನಿಗೆ ಲೀವ್ ಅಂಡ್ ಲೈಸೆನ್ಸ್.

ಅವನಿಗೆ ಅನ್ವಯಿಸುವ ಎರಡು ಸೆಕ್ಷನ್‌ಗಳು ಎರಡು ದಿಕ್ಕಿಗೆ ಎಳೆಯುತ್ತವೆ. 24ನೇ ಸೆಕ್ಷನ್ ಮಾಲೀಕನ ಕಡೆಗೆ: ಅವಧಿ ಮುಗಿದ ದಿನ ಮನೆ ಖಾಲಿಯಾಗಬೇಕು, ಆಗದಿದ್ದರೆ ಸಕ್ಷಮ ಪ್ರಾಧಿಕಾರದ ಮೂಲಕ ತೆರವು ಮಾಡಿಸಬಹುದು, ಮೇಲೆ ಇದ್ದಷ್ಟು ದಿನಕ್ಕೆ ಎರಡು ಪಟ್ಟು ಹಣ. ಬರೆದ ಕರಾರಿನಲ್ಲಿ ಏನಿದೆಯೋ ಅದೇ ಕಡೆಯ ಸಾಕ್ಷ್ಯ. 55ನೇ ಸೆಕ್ಷನ್ ಇನ್ನೊಂದು ಕಡೆಗೆ: ಕರಾರು ಬರಹದಲ್ಲಿರಬೇಕು, ನೋಂದಣಿಯಾಗಿರಬೇಕು, ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಶಿಕ್ಷೆಯುಂಟು. ಅದಕ್ಕಿಂತ ದೊಡ್ಡದು ಮುಂದಿನ ಮಾತು: ನೋಂದಾಯಿತ ಬರಹ ಇಲ್ಲದಿದ್ದಲ್ಲಿ, ಬೇರೆ ರೀತಿಯಲ್ಲಿ ರುಜುವಾತಾಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ.

ಉತಾರದ ಸಾಲಿಗೆ ಹೆದರಿ ‘ಬರೆದುಕೊಟ್ಟರೆ ಕೈ ಕಚ್ಚುತ್ತದೆ’ ಎನ್ನುತ್ತಿದ್ದ ಮಾಲೀಕರಿಗೆ ಕಾನೂನು ತಿರುಗಿ ಹೇಳಿದ್ದು ಇಷ್ಟು: ಬರೆಯದಿದ್ದರೆ ಕೈ ಕಚ್ಚುತ್ತದೆ. ಸ್ಪಷ್ಟವಾಗಿ ಮಾತನಾಡುವ ಹೊಣೆ ಬಲವಿದ್ದವನದು. ಮನೆ ಅವನದು, ಕೀಲಿ ಅವನದು, ಕಾಗದ ಬರೆಸುವ ಅನುಕೂಲವೂ ಅವನದು.

ಇಲ್ಲೊಂದು ಎಡವಟ್ಟೂ ಇದೆ. ದುರಸ್ತಿ, ರಸೀದಿ, ಮುನ್ಸೂಚನೆ ಕೊಟ್ಟು ಒಳಬರುವುದು, ನೀರು, ವಿದ್ಯುತ್, ಲಿಫ್ಟು ಕಡಿದುಹಾಕದಿರುವುದು ಮುಂತಾಗಿ ಕಾಯ್ದೆ ಮಾಲೀಕರಿಗೆ ಕಲಿಸುವ ನಡವಳಿಕೆಯ ಸೆಕ್ಷನ್‌ಗಳೆಲ್ಲ ‘ಬಾಡಿಗೆದಾರ’ನನ್ನು ಮನಸ್ಸಿನಲ್ಲಿಟ್ಟು ಬರೆದವು. ಅನುಮತಿಯ ಮೇಲೆ ಇರುವವನಿಗೆ ಸಿಗುವುದು ಹೆಚ್ಚಾಗಿ ಅವನ ಕರಾರು ಕೊಟ್ಟಷ್ಟು. ಆ ಕರಾರು ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಈಗ ಏಜೆಂಟ್ ಮನೆಗೇ ಬಂದು ಬೆರಳಚ್ಚಿನ ಯಂತ್ರ ಮುಂದಿಟ್ಟು ಆನ್‌ಲೈನ್‌ನಲ್ಲಿ ನೋಂದಣಿ ಮುಗಿಸುತ್ತಾನೆ. ಸಹಿ ಆದ ಕ್ಷಣದಿಂದ ಅದೇ ಕಡೆಯ ಸಾಕ್ಷ್ಯ. ಕೋರ್ಟು ನೋಡುವುದು ಕಾಗದವನ್ನು. ಓದಿ ತಿಳಿಯಿತೇ ಎಂದು ಕೇಳಬೇಕಾದವನು ಮಾಲೀಕ. ಎಷ್ಟು ತಿಂಗಳು, ಏರಿಕೆ ಎಷ್ಟು, ಮಧ್ಯದಲ್ಲಿ ಬಿಡಬಹುದೇ, ಬಣ್ಣದ ಖರ್ಚು ಯಾರದು, ಡಿಪಾಸಿಟ್ಟಿನಲ್ಲಿ ಯಾವುದಕ್ಕೆ ಎಷ್ಟು ಹಿಡಿಯಬಹುದು: ಈ ಐದು ಮಾತನ್ನು ಬಂದವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಆಮೇಲೆ ಬೆರಳು ಒತ್ತಿಸಿಕೊಂಡ ಮಾಲೀಕ ಮುಂದಿನ ಅರ್ಧ ಜಗಳವನ್ನು ಅಂದೇ ಮುಗಿಸಿರುತ್ತಾನೆ.

ನೋಟಿಸ್ ಎಂದರೆ ಕಾಲ

ವಿದೇಶದಲ್ಲಿ ಓದಿ ಬಂದ ಡಾ. ಅಂಬೇಡ್ಕರರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ಇರಲು ಮನೆ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದುಕೊಂಡರು. ಗುರುತು ತಿಳಿದಾಗ ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು. ಅವರು ಕಾಲಾವಕಾಶ ಕೇಳಿದರು, ಸಿಗಲಿಲ್ಲ. ಸಂಜೆಯೊಳಗೆ ಜಾಗ ಬಿಡಬೇಕಾಯಿತು. ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದವರು ಅಂದು ಒಂದು ಉದ್ಯಾನದಲ್ಲಿ ಕೂತು ಕಾಲ ಕಳೆದು, ಮುಂಬೈ ರೈಲು ಹತ್ತಿದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದಲ್ಲಿ ಅವರು ಇದನ್ನು ಬರೆದಿಟ್ಟಿದ್ದಾರೆ.

ಜಾತಿಯ ಕ್ರೌರ್ಯದ ಈ ಘಟನೆ ಇನ್ನೊಂದನ್ನೂ ಕಲಿಸುತ್ತದೆ: ಮನೆಯಲ್ಲಿರುವ ಮನುಷ್ಯನಿಗೆ ಕಾಲವೇ ಸೂರು. ಇವತ್ತೇ ಬಿಡು ಎನ್ನುವುದಕ್ಕೂ ಎರಡು ತಿಂಗಳಲ್ಲಿ ಬಿಡಬೇಕಾಗುತ್ತದೆ ಎನ್ನುವುದಕ್ಕೂ ನಡುವೆ ಇರುವುದು ಒಂದು ಸಂಸಾರ, ಮಕ್ಕಳ ಶಾಲೆ, ವಯಸ್ಸಾದವರ ಔಷಧ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ತಿಂಗಳ ಬಾಡಿಗೆ ಕೊನೆಗೊಳಿಸಲು 15 ದಿನದ ನೋಟಿಸ್ ಬೇಕು ಎನ್ನುತ್ತದೆ. ಬಾಕಿಗಾಗಿ ದಾವೆ ಹೂಡುವ ಮುನ್ನ 1947ರ ಕಾಯ್ದೆ ಒಂದು ತಿಂಗಳ ಕಾಲ ಕೊಟ್ಟಿತ್ತು. 1999ರ ಕಾಯ್ದೆ ಅದನ್ನು 90 ದಿನಕ್ಕೆ ಏರಿಸಿತು. ದುರಸ್ತಿಯ ವಿಷಯದಲ್ಲಿ ನೋಟಿಸ್ ಕೊಡುವ ಸರದಿ ಬಾಡಿಗೆದಾರನದು. 15 ದಿನದ ಸೂಚನೆ ಕೊಟ್ಟೂ ಮಾಲೀಕ ತಕ್ಕ ಕಾಲದಲ್ಲಿ ರಿಪೇರಿ ಮಾಡಿಸದಿದ್ದರೆ ಅವನೇ ಮಾಡಿಸಿ, ವರ್ಷದ ಬಾಡಿಗೆಯ ನಾಲ್ಕನೇ ಒಂದು ಭಾಗ ಮೀರದಂತೆ ಹಣ ಹಿಡಿದುಕೊಳ್ಳಬಹುದು. ಸೋರುವ ನಲ್ಲಿಯ ಬಗ್ಗೆ ಬಂದ ದೂರಿಗೆ ‘ನೋಡಿದೆ, ಶನಿವಾರ ಪ್ಲಂಬರ್ ಬರುತ್ತಾನೆ’ ಎಂದು ಎರಡು ಸಾಲು ಬರೆದವನಿಗೆ ಈ ಸೆಕ್ಷನ್ ಓದುವ ಪ್ರಸಂಗವೇ ಬಾರದು.

ಆದರೆ ಸೂಚನೆ ಮುಟ್ಟಿತು ಎಂದು ತಿಳಿಯುವುದು ಹೇಗೆ? ವಾಡೆಗಳ ಕಾಲದಲ್ಲಿ ರಿಜಿಸ್ಟರ್ಡ್ ಕಾಗದ ಬಂದರೆ ಬಾಗಿಲು ತೆರೆಯಬಾರದು ಎಂಬುದೊಂದು ನಂಬಿಕೆ. ಪೋಸ್ಟ್‌ಮನ್ ಲಕೋಟೆಯ ಮೇಲೆ ‘ನಿರಾಕರಿಸಿದರು’ ಎಂದು ಬರೆದು ವಾಪಸು ಒಯ್ಯುತ್ತಿದ್ದ. ಉತ್ತರ ಪ್ರದೇಶದ ಒಂದು ಬಾಡಿಗೆ ಬಾಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1981ರಲ್ಲಿ, ರಿಜಿಸ್ಟರ್ಡ್ ಲಕೋಟೆಯನ್ನು ಬೇಡವೆಂದವನಿಗೆ ಅದರೊಳಗಿನ ವಿಷಯವೂ ತಿಳಿದಿದೆ ಎಂದೇ ಭಾವಿಸಬೇಕು ಎಂದಿತು. ಮುಚ್ಚಿದ ಬಾಗಿಲು ಉತ್ತರವಾಗಲಾರದು.

2018ರಲ್ಲಿ ಅದೇ ಪ್ರಶ್ನೆ ಫೋನಿನೊಳಗೆ ಎದ್ದಿತು. ಕ್ರೆಡಿಟ್ ಕಾರ್ಡ್ ಬಾಕಿಯ ಪ್ರಕರಣವೊಂದರಲ್ಲಿ ಕೈಗೆ ಸಿಗದ ವ್ಯಕ್ತಿಗೆ ನೋಟಿಸನ್ನು ವಾಟ್ಸ್ಯಾಪಿನಲ್ಲಿ ಕಳಿಸಲಾಗಿತ್ತು. ಸಂದೇಶ ಮುಟ್ಟಿದ್ದಷ್ಟೇ ಅಲ್ಲ, ಲಗತ್ತನ್ನು ತೆರೆದದ್ದೂ ಕಾಣುತ್ತಿದೆ ಎಂದು ಬಾಂಬೆ ಹೈಕೋರ್ಟು ಅದನ್ನು ಒಪ್ಪಿತು. ಹಳೆಯ ಕೆಂಪು ಶಾಯಿಯ ಷರಾದ ಜಾಗಕ್ಕೆ ಎರಡು ನೀಲಿ ಗೆರೆ ಬಂದವು. ಮಾಲೀಕ ಅಮೆರಿಕದಲ್ಲಿ, ಬಾಡಿಗೆದಾರ ಮಗರಪಟ್ಟಾದಲ್ಲಿ, ನಡುವೆ ಬ್ರೋಕರ್ ಒಬ್ಬ ಇರುವ ಈ ಕಾಲಕ್ಕೆ ಇದು ಅನುಕೂಲವೇ. ಅಪಾಯವೂ ಇದೆ. ರಾತ್ರಿ ಹನ್ನೊಂದಕ್ಕೆ ಬಂದ ಸಂದೇಶಕ್ಕೆ ನೀಲಿ ಗೆರೆ ಬಿದ್ದರೆ ಓದಿದ ಎಂದಷ್ಟೇ ಅರ್ಥ, ಒಪ್ಪಿದ ಎಂದಲ್ಲ. ‘ನಾಳೆ ಬೆಳಿಗ್ಗೆ ಹೊಸ ಪಾರ್ಟಿ ಮನೆ ನೋಡಲು ಬರುತ್ತಾರೆ’ ಎಂಬುದು ಸೂಚನೆಯಲ್ಲ, ಅಪ್ಪಣೆ.

ಬಾಗಿಲಿನ ಬಗ್ಗೆ ಕಾನೂನಿನ ಮಾತು ಸ್ಪಷ್ಟವಿದೆ. ಬಾಡಿಗೆದಾರನ ಮನೆಯನ್ನು ಮಾಲೀಕ ನೋಡಬಹುದು, ಆದರೆ ಮೊದಲು ತಿಳಿಸಿ, ತಕ್ಕ ಹೊತ್ತಿನಲ್ಲಿ ಎಂದು 1999ರ ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದನ್ನು ಇನ್ನೂ ಬಿಡಿಸಿ ಬರೆಯಿತು: ಕನಿಷ್ಠ 24 ಗಂಟೆ ಮುಂಚೆ ಬರಹದಲ್ಲೋ ಎಲೆಕ್ಟ್ರಾನಿಕ್ ಮಾಧ್ಯಮದಲ್ಲೋ ಸೂಚನೆ, ಕಾರಣ ಮತ್ತು ಸಮಯದ ಸಮೇತ. ವಸತಿ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಡಿಪಾಸಿಟ್ ಬೇಡ ಎಂದೂ ಅದು ಹೇಳಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಗೊತ್ತಿರುವ ಬೆಂಗಳೂರಿನವರು ಈ ಸಾಲನ್ನು ಎರಡು ಸಲ ಓದಿಕೊಂಡರೆ ಆಶ್ಚರ್ಯವಿಲ್ಲ. ಮಾದರಿ ಎಂದರೆ ಮಾದರಿಯಷ್ಟೇ. ರಾಜ್ಯಗಳು ತಮ್ಮ ಕಾಯ್ದೆಯಾಗಿ ಮಾಡಿಕೊಂಡಾಗ ಮಾತ್ರ ಅದಕ್ಕೆ ಬಲ. ಆದರೆ 24 ಗಂಟೆ ಮುಂಚೆ ತಿಳಿಸಿ ಬರಲು ಮಾಲೀಕನಿಗೆ ಶಾಸನಸಭೆಯ ಅಪ್ಪಣೆ ಬೇಕಿಲ್ಲ.

ಬೀದಿಗಳು ಖಾಲಿಯಾದ ವರ್ಷ

2020ರ ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಂದಾಗ ಈ ಎಲ್ಲ ಕಾಗದಗಳೂ ಕೆಲಕಾಲ ಮೂಕವಾದವು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ವಲಸೆ ಕಾರ್ಮಿಕರೂ ಸೇರಿದಂತೆ ಕೂಲಿಗಳಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು ಎಂದು ಆದೇಶಿಸಿತು. ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ವಸತಿ ಇಲಾಖೆ ಬಾಡಿಗೆ ವಸೂಲಿಯನ್ನು ಮೂರು ತಿಂಗಳು ಮುಂದೂಡುವಂತೆ ಮಾಲೀಕರಿಗೆ ಸೂಚಿಸಿತು.

ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಎಂದಾಗ ಹೊರಊರಿನ ನೌಕರರು ಹುಬ್ಬಳ್ಳಿಗೋ ನಾಗಪುರಕ್ಕೋ ಹೊರಟರು. ಸಾಮಾನು ಪುಣೆಯ ಫ್ಲ್ಯಾಟಿನಲ್ಲಿ, ಜನ ಊರಿನಲ್ಲಿ. ಬಾಡಿಗೆ ಕೊಡಬೇಕೇ? ಲಾಕ್-ಇನ್ ಅವಧಿ ಮುಗಿಯದೆ ಬಿಡಬಹುದೇ? ಯಾವ ಕರಾರಿನಲ್ಲೂ ಇದಕ್ಕೆ ಸಾಲಿರಲಿಲ್ಲ. ಮಾಲೀಕರ ಕಷ್ಟವೂ ಸುಳ್ಳಲ್ಲ. ಬಾಡಿಗೆಯಿಂದಲೇ ಬ್ಯಾಂಕಿನ ಕಂತು ಕಟ್ಟುವವರಿದ್ದರು, ಅದರಲ್ಲೇ ಮುಪ್ಪಿನ ದಿನ ತಳ್ಳುವವರಿದ್ದರು. ಅಂಥ ಹೊತ್ತಿನಲ್ಲಿ ದಾರಿ ಒಂದೇ: ಫೋನು ಎತ್ತಿ ತನ್ನ ಲೆಕ್ಕ ಹೇಳುವುದು, ಎದುರಿನವನ ಲೆಕ್ಕ ಕೇಳುವುದು, ಇಬ್ಬರೂ ಒಪ್ಪಿದ್ದನ್ನು ಅಂದೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸುವುದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲವನು’ ಎಂದರೆ ಚೆನ್ನಾಗಿ ಮಾತಾಡುವವನಲ್ಲ. ಯಾವ ಮಾತನ್ನು ಯಾವ ಹೊತ್ತಿನಲ್ಲಿ ಆಡಬೇಕೆಂದು ತಿಳಿದವನು.

ಕೀಲಿ ಕೈ ಬದಲಾಗುವ ದಿನ

ಮಗರಪಟ್ಟಾದ ರೈತರು ಊರು ಕಟ್ಟಿದ ಬಗೆಯೇ ಅಲ್ಲಿನ ಮಾಲೀಕರಿಗೆ ಒಂದು ಪಾಠ. ನೂರಿಪ್ಪತ್ತು ಮನೆಗಳು ಒಂದೇ ಕಂಪನಿಯಲ್ಲಿ ಉಳಿಯಬೇಕಾದರೆ ಯಾರ ಪಾಲು ಎಷ್ಟು ಎಂಬುದು ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಅದು ಕಂಡದ್ದರಿಂದಲೇ ಸಣ್ಣ ಹಿಡುವಳಿಯವನೂ ದೊಡ್ಡ ಹಿಡುವಳಿಯವನ ಪಕ್ಕದಲ್ಲಿ ಕೂರಬಲ್ಲವನಾದ. ಆಮೇಲೆ ಅದೇ ಮಾದರಿಯಲ್ಲಿ ಪುಣೆಯ ಇನ್ನೊಂದು ಅಂಚಿನಲ್ಲಿ ನಾಂದೇಡ್ ಸಿಟಿ ಎದ್ದಿತು. ಬಾಡಿಗೆದಾರ ಷೇರುದಾರನಲ್ಲ, ನಿಜ. ಆದರೆ ತನ್ನ ಪಾಲಿಗೆ ಏನು ಬರುತ್ತದೆ, ಏನು ಹೋಗುತ್ತದೆ ಎಂದು ಕಾಣುವ ಹಕ್ಕು ಅವನಿಗೂ ಅಷ್ಟೇ ಅಗತ್ಯ.

ಅದು ಕಾಣಬೇಕಾದ ದಿನ ಮನೆ ಬಿಡುವ ದಿನ. ಸಾಮಾನು ಟೆಂಪೋ ಏರಿರುತ್ತದೆ. ಖಾಲಿ ಗೋಡೆಯ ಮೇಲೆ ಕ್ಯಾಲೆಂಡರ್ ಮೊಳೆಯ ಗುರುತು, ಅಡುಗೆಮನೆಯಲ್ಲಿ ಒಗ್ಗರಣೆಯ ಕಲೆ. ಮಾಲೀಕನೋ ಬ್ರೋಕರನೋ ಕೋಣೆಯಿಂದ ಕೋಣೆಗೆ ನಡೆಯುತ್ತಾನೆ. ಬಂದ ದಿನ ತೆಗೆದ ಫೋಟೋ, ಬರೆದಿಟ್ಟ ಪಟ್ಟಿ ಇದ್ದರೆ ಕೆಲಸ ಹತ್ತು ನಿಮಿಷದ್ದು: ಇಷ್ಟು ಡಿಪಾಸಿಟ್, ಬಣ್ಣಕ್ಕೆ ಇಷ್ಟು, ವಿದ್ಯುತ್ ಬಿಲ್ಲಿಗೆ ಇಷ್ಟು, ಉಳಿದದ್ದು ಇಷ್ಟು. ಇಲ್ಲದಿದ್ದರೆ ‘ಆಮೇಲೆ ಲೆಕ್ಕ ಮಾಡಿ ಹಾಕ್ತೀನಿ’ ಎಂಬ ಒಂದೇ ಮಾತು. ಊರು ಬಿಟ್ಟು ಹೊರಟವನು ಒಂದು ಡಿಪಾಸಿಟ್ಟಿಗಾಗಿ ವಕೀಲರನ್ನು ಹುಡುಕುವುದಿಲ್ಲ ಎಂಬುದು ಆ ಮಾತು ಆಡಿದವನಿಗೂ ಗೊತ್ತು.

ಹಿಂದಿರುಗಿಸಿದ ಮನಿ ಆರ್ಡರ್ ಚೀಟಿಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ ವಾಡೆಯ ಬಾಡಿಗೆದಾರನಿಗೂ, ಉತ್ತರ ಬಾರದ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡ ಇವತ್ತಿನ ಎಂಜಿನಿಯರನಿಗೂ ನಡುವೆ ಎಂಟು ದಶಕ, ಮೂರು ಕಾಯ್ದೆ, ಹತ್ತಾರು ತೀರ್ಪು. ಇಬ್ಬರೂ ಕಾದದ್ದು ಒಂದನ್ನೇ: ಮಾಲೀಕ ಲೆಕ್ಕದ ಚೀಟಿ ಬರೆದು, ಮುಖ ನೋಡಿ, ಕೈಗೆ ಕೊಡುವುದನ್ನು.